ಅವ್ವನ ಗ್ರೇಡ್

12 ಜೂನ್ 2008, ಗುರುವಾರ

ಈ ಡೈರಿ ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟದ್ದು. ಜನವರಿಯಿಂದ ಇಲ್ಲಿಯವರೆಗೆ ಖಾಲಿ. ಇವರು ಬರೆಯುವವರಲ್ಲ, ನನಗೆ ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಡಾಕ್ಟರ್ ಮೈಲಾರಲಿಂಗಪ್ಪನವರೇ ಹೇಳಿದ್ದಾರೆ: ನಿಮ್ಮ ಅತ್ತೆ ದಿನಕ್ಕೆ ಏನೇನು ಮರೆಯುತ್ತಾರೆ ಗಮನಿಸಿ, ಬೇಕಾದರೆ ಬರೆದಿಟ್ಟುಕೊಳ್ಳಿ, ಬಂದಾಗ ಬಾಯಲ್ಲಿ ಹೇಳಿ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ನನ್ನ ತಪ್ಪುಗಳನ್ನು ಅತ್ತೆಯವರು ಎಣಿಸುತ್ತ ಬಂದರು. ಈಗ ಅವರದ್ದನ್ನು ನಾನು ಎಣಿಸಬೇಕು, ಅದೂ ಡಾಕ್ಟರ ಅಪ್ಪಣೆಯ ಮೇಲೆ. ದೇವರು ಇದ್ದಾನೆ ಅನಿಸಿತು.

ಇವತ್ತಿನದು. ಬೆಳಗ್ಗೆ ಲಿಂಗಪೂಜೆ ಒಂದಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಕೊನೆಯ ಸಲ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದವರು, ಪೂಜೆ ಮಾಡದೆ ತಿಂಡಿಗೆ ಕುಳಿತೆಯಾ ಎಂದು ಮಗನನ್ನು ಗದರಿಸಿದರು. ಮಧ್ಯಾಹ್ನ, ಕಂಪ್ಲಿಯ ಮಿಲ್ಲಿನಿಂದ ನುಚ್ಚು ಬಂತೇ ಎಂದು ಕೇಳಿದರು. ನಮ್ಮ ಅಕ್ಕಿ ಮಿಲ್ಲು ಮಾರಿಹೋಗಿ ಎಷ್ಟೋ ಕಾಲವಾಯಿತು. ಆ ದುಡ್ಡಿನಲ್ಲಿ ಇವರು ಅದಿರು ಸಾಗಿಸುವ ಲಾರಿ ತೆಗೆದುಕೊಂಡಿದ್ದಾರೆ. ಅದನ್ನು ಹೇಳಿದೆ. ಅತ್ತೆಯವರು ನನ್ನ ಮುಖವನ್ನೇ ನೋಡಿ, "ನೀ ಯಾರ ಪೈಕಿ?" ಅಂದರು.

ಮೂವತ್ತು ವರ್ಷದಿಂದ ಅವರ ಕೈಕೆಳಗೆ ಬೆಂದಿದ್ದೇನೆ. ಯಾರ ಪೈಕಿ ಎಂದು ನನಗೂ ಹೇಳಲು ಆಗಲಿಲ್ಲ.

17 ಜೂನ್, ಮಂಗಳವಾರ

ರಕ್ತದ ರಿಪೋರ್ಟು ಬಂತು. ಅತ್ತೆಯವರಿಗೆ ಬಿ-12 ಅನ್ನುವ ವಿಟಮಿನ್ ಭಾಳ ಕಡಿಮೆ, ಡಿ ಅನ್ನುವುದು ಇನ್ನೂ ಕಡಿಮೆ. ಡಿ ಬಿಸಿಲಿನಿಂದ ಬರುತ್ತದಂತೆ. ಹೊಸಪೇಟೆಯಲ್ಲಿ ಹುಟ್ಟಿದ ಕೂಸಿಗೂ ಬಿಸಿಲು ಸಾಕುಬೇಕಾಗಿರುತ್ತದೆ, ನಮಗೆ ಅದರದ್ದೇ ಕೊರತೆ. ಆದರೆ ನಮ್ಮದು ಸಂಡೂರು ರಸ್ತೆಯ ಮನೆ. ಹಗಲೂ ರಾತ್ರಿ ಲಾರಿ. ಕಿಟಕಿ ತೆರೆದರೆ ಅದಿರಿನ ಧೂಳಿಗೆ ಹಾಸಿಗೆ, ಹಪ್ಪಳ, ದೇವರ ಫೋಟೋ ಎಲ್ಲ ಕೆಂಪು. ಹಾಗಾಗಿ ಕಿಟಕಿ ಮುಚ್ಚಿ, ಪರದೆ ಇಳಿಬಿಟ್ಟು, ಹಗಲಿಗೇ ದೀಪ ಹಾಕಿಕೊಂಡು ಬದುಕುತ್ತಿದ್ದೇವೆ. ಆ ಲಾರಿಗಳಲ್ಲಿ ನಮ್ಮವೂ ಇವೆ.

ಇವರು ಮೊದಲು ಕೇಳಿದ್ದು, "ಅವ್ವನ ಗ್ರೇಡ್ ಎಷ್ಟು ಬಂತು?" ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಲ್ಯಾಬಿನವರು ಹೇಳುವ ಅಂಕಿಗೆ ಗ್ರೇಡ್ ಅನ್ನುತ್ತಾರೆ. ಅದರ ಮೇಲೆಯೇ ರೇಟು. ಒಂದು ಲ್ಯಾಬಿನಲ್ಲಿ ಗ್ರೇಡ್ ಕಡಿಮೆ ಬಂದರೆ ಇನ್ನೊಂದು ಲ್ಯಾಬಿಗೆ ಒಯ್ಯುವುದು ಇವರ ದಂಧೆಯ ಪದ್ಧತಿ. ಸಂಜೆ ಅತ್ತೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಇನ್ನೊಂದು ಲ್ಯಾಬಿಗೆ ಹೋಗಿ ರಕ್ತ ಕೊಡಿಸಿ ಬಂದರು. ಅಲ್ಲಿ ಸ್ವಲ್ಪ ಹೆಚ್ಚು ಬರಬಹುದು ಎಂಬ ಆಸೆ.

19 ಜೂನ್

ಸ್ವಲ್ಪ ಹೆಚ್ಚೇ ಬಂತು. ಇವರಿಗೆ ಸಮಾಧಾನವಾಯಿತು. ಅತ್ತೆಯವರು ಸಂಜೆ ದೇವರ ಮನೆಯ ದಾರಿ ತಪ್ಪಿ ಬಚ್ಚಲಿನಲ್ಲಿ ಊದುಬತ್ತಿ ಹಚ್ಚಿದರು.

21 ಜೂನ್, ಶನಿವಾರ

ಡಾಕ್ಟರ್ ಎರಡೂ ರಿಪೋರ್ಟು ನೋಡಿ ನಕ್ಕು, ಎರಡೂ ಕಡಿಮೆಯೇ ಎಂದರು. ಇಂಜೆಕ್ಷನ್ ಶುರು ಮಾಡೋಣ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಿಸಿ ಎಂದರು. ಮರೆವು ಇದರಿಂದಲೇ ಬಂದದ್ದೋ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬಿ-12 ಕಡಿಮಿ ಆದ್ರ ಮರೆವು ಬರತೈತಿ, ಅದು ಖರೆ ಅದ ತಂಗಿ. ಆದ್ರ ಮರೆವು ಬಂದವರಿಗೆಲ್ಲಾ ಬಿ-12 ಕೊಟ್ಟುಬಿಟ್ರ ಹೋಗತೈತಿ ಅಂತ ನಾ ಹೇಳಂಗಿಲ್ಲ. ಕೆಲವರಿಗೆ ಹೋಗೇತಿ. ಕೆಲವರಿಗೆ ರಿಪೋರ್ಟ್ ಅಷ್ಟ ಸುಧಾರಿಸೇತಿ."

ಮಾಂಸ, ಮೊಟ್ಟೆ ತಿನ್ನುವವರಿಗೆ ಇದು ಅಷ್ಟಾಗಿ ಕಡಿಮೆಯಾಗುವುದಿಲ್ಲ ಎಂದೂ ಹೇಳಿದರು. ಅಲ್ಲಿಯವರೆಗೆ ಗೋಡೆ ನೋಡುತ್ತ ಕುಳಿತಿದ್ದ ಅತ್ತೆಯವರು ಮೊಟ್ಟೆ ಎಂಬ ಮಾತಿಗೆ ನೆಟ್ಟಗೆ ಕುಳಿತು, ಇವನ ಕೈಯ ಔಷಧ ನನಗೆ ಬೇಡ ಎಂದರು. ಮಗನ ವಯಸ್ಸು ಮರೆತಿದ್ದಾರೆ, ಗಂಡ ಸತ್ತದ್ದು ಮರೆತಿದ್ದಾರೆ. ಮಡಿ ಮಾತ್ರ ಎಲ್ಲಿಯೂ ಹೋಗಿಲ್ಲ.

ಹೊರಡುವಾಗ ನನ್ನ ಒಂದು ಚಪ್ಪಲಿ ಆಸ್ಪತ್ರೆಯ ಪಡಸಾಲೆಯಲ್ಲೇ ಉಳಿದಿತ್ತು. ಕಾಲಿನಿಂದ ಜಾರಿದ್ದು ಗೊತ್ತಾಗಲೇ ಇಲ್ಲ. ಬಾಗಿಲವರೆಗೆ ಬಂದಿದ್ದ ಡಾಕ್ಟರ್ ಅದನ್ನು ನೋಡಿ, ಪಾದ ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿ, ನೀವೂ ಒಂದು ಟೆಸ್ಟ್ ಮಾಡಿಸಿ ಎಂದರು. ಮನೆಯಲ್ಲಿ ಒಬ್ಬರಿಗೆ ರೋಗ ಇದ್ದರೆ ಸಾಕು ಎಂದು ಬಂದುಬಿಟ್ಟೆ.

28 ಜೂನ್

ಅತ್ತೆಯವರು ಇವತ್ತು ಮರೆತದ್ದು: ಸ್ನಾನ, ಮದುವೆಯಾಗಿ ಹೋದ ಮೊಮ್ಮಗಳ ಹೆಸರು, ಅಡುಗೆಮನೆಯ ಬಾಗಿಲು ಎಳೆಯಬೇಕೋ ನೂಕಬೇಕೋ. ಮರೆಯದೆ ಇದ್ದದ್ದು: ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚು ಅನ್ನುವುದು.

5 ಜುಲೈ, ಶನಿವಾರ

ಇವರಿಗೆ ಯಾರೋ ಹೇಳಿದರಂತೆ, ಬಿ ವಿಟಮಿನ್ ಇರುವುದು ಅಕ್ಕಿಯ ತೌಡಿನಲ್ಲಿ ಅಂತ. ಎರಡು ತಲೆಮಾರು ಮಿಲ್ಲು ನಡೆಸಿದ ಮನೆ. ಅಕ್ಕಿ ಬೆಳ್ಳಗೆ ಮಾಡಿ ನಾವು ತಿಂದೆವು, ತೌಡು ಎಮ್ಮೆಗೆ ಹಾಕಿದೆವು. ಇವರಿಗೆ ಪಶ್ಚಾತ್ತಾಪವಾಗಿ, ಎಮ್ಮಿಗನೂರಿನ ಕಡೆಯ ಸ್ನೇಹಿತರ ಮಿಲ್ಲಿನಿಂದ ಒಂದು ಚೀಲ ತೌಡು ತರಿಸಿದರು. ನಾನು ಬೆಲ್ಲ ಹಾಕಿ ಉಂಡೆ ಕಟ್ಟಿದೆ. ಅತ್ತೆಯವರು ಒಂದನ್ನು ಕೈಗೆ ತೆಗೆದುಕೊಂಡು ಮೂಸಿದರು, ಬೆರಳಲ್ಲಿ ಉದುರಿಸಿ ನೋಡಿದರು.

"ಇದು ಎಮ್ಮಿ ತಿನ್ನೂದು. ನನಗ ಮರೆವು ಬಂದೈತಿ ಅಂತೀರಿ, ನಿಮಗೇನ್ ಬಂದೈತಿ?"

ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ ತೌಡಿನಲ್ಲಿ ಇರುವುದು ಬೇರೆ ಬಿ ಅಂತೆ. ಚೀಲವನ್ನು ಕೆಲಸದ ಯಲ್ಲಕ್ಕ ತನ್ನ ಎಮ್ಮೆಗೆ ಒಯ್ದಳು. ಅದರ ನೆನಪು ಚೆನ್ನಾಗಿರಬಹುದು.

11 ಜುಲೈ, ಶುಕ್ರವಾರ

ಟೆಸ್ಟ್ ಮಾಡಿಸದೆ ಡಾಕ್ಟರ್ ಬಿಡಲಿಲ್ಲ. ನನ್ನ ಬಿ-12 ಅತ್ತೆಯವರದ್ದಕ್ಕಿಂತ ಕಡಿಮೆ. ಇವರು ರಿಪೋರ್ಟನ್ನು ಕಣ್ಣಿನ ಹತ್ತಿರ ಹಿಡಿದು, ಈ ಗ್ರೇಡಿನ ಅದಿರನ್ನು ಯಾರೂ ಲಾರಿಗೆ ಹತ್ತಿಸುವುದಿಲ್ಲ ಎಂದರು. ತಮಾಷೆಗೆ ಹೇಳಿದ್ದು, ಗೊತ್ತು.

ಹಾಲು, ಮೊಸರು ತೆಗೆದುಕೊಳ್ಳುವುದಿಲ್ಲವೇ ಎಂದು ಡಾಕ್ಟರ್ ಕೇಳಿದಾಗ ತೆಗೆದುಕೊಳ್ಳುತ್ತೇನೆ ಎಂದೆ. ಸುಳ್ಳು. ಈ ಮನೆಯಲ್ಲಿ ಸೊಸೆ ಕಡೆಗೆ ಉಣ್ಣಬೇಕು. ಕೆನೆ ಗಂಡಸರಿಗೆ, ಹಾಲು ಮಕ್ಕಳಿಗೆ, ಮೊಸರು ಅತ್ತೆಯವರಿಗೆ. ನನ್ನ ಪಾಲಿಗೆ ಬರುವಷ್ಟರಲ್ಲಿ ಮಜ್ಜಿಗೆಗೆ ಇನ್ನೊಂದು ಸಲ ನೀರು ಬಿದ್ದಿರುತ್ತದೆ. ಯಾರೂ ನನ್ನ ಕೈ ಹಿಡಿದು ತಡೆದಿಲ್ಲ ನಿಜ. ಬಂದ ಮೊದಲ ವಾರ ಅತ್ತೆಯವರು ಒಮ್ಮೆ ನೋಡಿದ ನೋಟ ಸಾಕಾಗಿತ್ತು. ಡಾಕ್ಟರಿಗೆ ಇದನ್ನೆಲ್ಲ ಹೇಳುವುದು ಹೇಗೆ? ಗುಳಿಗೆ ಬರೆದುಕೊಟ್ಟರು.

18 ಜುಲೈ, ಶುಕ್ರವಾರ

ಬಿಸಿಲಿಗೆ ಕೂರುವ ಕಾರ್ಯಕ್ರಮ. ಮಾಳಿಗೆಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ, ಇಬ್ಬರ ಮೂಗಿನ ಮೇಲೂ ಒದ್ದೆ ಸೆರಗು. ಡಿ ಒಳಗೆ ಹೋಗಬೇಕು, ಧೂಳು ಹೋಗಬಾರದು. ಇಷ್ಟು ವರ್ಷದಲ್ಲಿ ಅತ್ತೆಯವರ ಪಕ್ಕದಲ್ಲಿ ನಾನು ಕುರ್ಚಿಯ ಮೇಲೆ ಕುಳಿತದ್ದು ಇದೇ ಮೊದಲು. ಏಳು ಅನ್ನುತ್ತಾರೇನೋ ಎಂದು ಕಾಯುತ್ತಿದ್ದೆ. ಅವರು ನನ್ನ ಮೊಣಕೈ ಹಿಡಿದು, "ಜಂಬಿ, ಯಾವಾಗ ಬಂದಿ?" ಅಂದರು.

ಜಂಬಕ್ಕ ಅವರ ತಂಗಿ. ಬುಕ್ಕಸಾಗರದ ತವರಿನಲ್ಲಿ, ನನ್ನ ಮದುವೆಗೂ ಮೊದಲೇ ತೀರಿಹೋದವಳು. ಈಗ ಬಂದೆ ಎಂದೆ. ಮತ್ತೇನು ಹೇಳುವುದು?

ಕೂಡಲೇ ಸೊಸೆಯ ದೂರು ಶುರುವಾಯಿತು. ಸೊಸೆ ಕಿಟಕಿ ತೆಗೆಯುವುದಿಲ್ಲ. ಸೊಸೆ ಯಾರನ್ನೋ ಕರೆಸಿ ಸೂಜಿ ಚುಚ್ಚಿಸುತ್ತಾಳೆ. ಸೊಸೆಗೆ ಓದು ಬರಹ ಬರುತ್ತದೆಂದು ಭಾಳ ಜಂಬ. ಸಾರಿಗೆ ಉಪ್ಪು ಸುರಿಯುತ್ತಾಳೆ. ನಾನು ಹೂಂಗುಟ್ಟುತ್ತ ಕುಳಿತೆ. ಉಪ್ಪಿನ ಮಾತು ಬಂದಾಗ ಮಾತ್ರ, ಅಷ್ಟೇನೂ ಹೆಚ್ಚು ಇರುವುದಿಲ್ಲ ಬಿಡು ಎಂದೆ. "ನೀ ಸುಮ್ಕಿರು, ನೀನು ಅಕಿ ಕೈಯಾಗ ಉಂಡಿಲ್ಲ" ಎಂದರು.

26 ಜುಲೈ

ಅತ್ತೆಯವರು ಹಾಲಿನ ಪಾತ್ರೆಯಿಂದ ಕೆನೆ ತೆಗೆದು ಲೋಟಕ್ಕೆ ಹಾಕಿ, ಮೇಲೆ ಸಕ್ಕರೆ ಉದುರಿಸಿ ಜಂಬಿಗೆ ಕೊಟ್ಟರು. ಯಾರೂ ಇನ್ನೂ ಉಂಡಿರಲಿಲ್ಲ. ಕುಡಿದೆ. ಸ್ವಲ್ಪ ಹೊತ್ತಿಗೆ ಕೊಟ್ಟದ್ದು ಮರೆತು ಇನ್ನೊಂದು ಲೋಟ ಕೊಟ್ಟರು. ಅದನ್ನೂ ಕುಡಿದೆ.

ಇದನ್ನು ಮರೆವಿನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ತಿಳಿಯಲಿಲ್ಲ. ಡಾಕ್ಟರಿಗೆ ಹೇಳುವುದಿಲ್ಲ.

6 ಆಗಸ್ಟ್, ಬುಧವಾರ. ನಾಗರ ಪಂಚಮಿ

ಕಲ್ಲು ನಾಗಪ್ಪನಿಗೆ ಹಾಲೆರೆಯಲು ಅತ್ತೆಯವರನ್ನು ಕರೆದುಕೊಂಡು ಹೋದೆ. ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆಯುತ್ತ ಪಾಲು ಹೇಳುವುದು ಒಂದೂ ಮರೆತಿರಲಿಲ್ಲ. ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು, ಮಗನ ಪಾಲು, ಜಂಬಿ ಪಾಲು. ಆಮೇಲೆ ಮಿಲ್ಲಿನ ಪಾಲು. ಆಮೇಲೆ ಎಂದೋ ಸತ್ತ ಬಿಳಿ ಎತ್ತಿನ ಪಾಲು. ಕೈಯಲ್ಲಿ ಬಟ್ಟಲು ಖಾಲಿಯಾಯಿತು. ಸೊಸೆಯ ಪಾಲು ಬರಲಿಲ್ಲ.

ಹಿಂದೆಯೂ ಬರುತ್ತಿರಲಿಲ್ಲ. ನನ್ನ ಪಾಲನ್ನು ನಾನೇ ಎರೆದುಕೊಳ್ಳುತ್ತಿದ್ದೆ, ಬೇಸರ ಆಗುತ್ತಿರಲಿಲ್ಲ. ಇವತ್ತು ಆಯಿತು, ಭಾಳ ಆಯಿತು. ಎತ್ತಿಗೂ ಕಡೆಯಾದೆ ನಾನು.

ನನಗೆ ಬೇಕಾಗಿರುವುದು ಒಂದೇ, ಬರೆದೇ ಬಿಡುತ್ತೇನೆ. ಈ ಇಂಜೆಕ್ಷನ್ ಹತ್ತಬೇಕು. ಅತ್ತೆಯವರ ತಲೆ ಸರಿಯಾಗಬೇಕು. ಎದುರಿಗೆ ಇರುವವಳು ಸೊಸೆ ಗಂಗಾಂಬಿಕಾ ಎಂದು ತಿಳಿದು, ತಿಳಿದ ಮೇಲೆ ಒಂದು ಒಳ್ಳೆಯ ಮಾತು ಆಡಬೇಕು. ಜಂಬಿಗೆ ಕೊಟ್ಟ ಕೆನೆ ಜಂಬಿಯದು. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

7 ಸೆಪ್ಟೆಂಬರ್, ಭಾನುವಾರ

ಔಷಧ ಹತ್ತಿದೆ.

ಬೆಳಗ್ಗೆ ಅತ್ತೆಯವರು ಒಂದೇ ಸಲ ಪೂಜೆ ಮಾಡಿದರು. ಮಗನನ್ನು ಹೆಸರು ಹಿಡಿದು ಕರೆದು, ಮಿಲ್ಲು ಮಾರಿದ್ದು ತಪ್ಪು ಎಂದು ಚೆನ್ನಾಗಿ ಬೈದರು. ಇವರ ಕಣ್ಣಲ್ಲಿ ನೀರು ಬಂತು. ಬೈಸಿಕೊಂಡು ಇಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಮೈಸೂರು ಪಾಕು ತರಿಸಿ ಡ್ರೈವರುಗಳಿಗೆಲ್ಲ ಹಂಚಿದರು. ಹೊಸ ರಿಪೋರ್ಟಿನಲ್ಲಿ ಅವ್ವನ ಗ್ರೇಡು ಬಳ್ಳಾರಿ ಜಿಲ್ಲೆಗೇ ಮೇಲು ಎಂದರು.

ನಾನು ಅಡುಗೆಮನೆಯಲ್ಲಿ ಹಾಲಿನ ಲೋಟ ಬಾಯಿಗಿಟ್ಟಿದ್ದೆ, ಈಗೀಗ ರೂಢಿಯಾಗಿಬಿಟ್ಟಿದೆ. ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಅದೇ ಹಳೆಯ ನೋಟ.

"ಗಂಗಾಂಬಿಕಾ, ಗಂಡಸರು ಇನ್ನಾ ಉಂಡಿಲ್ಲ. ನಿನ್ನ ತವರುಮನ್ಯಾಗ ಹಿಂಗ ಕಲಿಸ್ಯಾರೇನು?"

ಲೋಟ ಕೆಳಗಿಟ್ಟೆ. ಅವರಿಗೆ ನನ್ನ ಹೆಸರು ನೆನಪಾಗಿತ್ತು. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ.

10 ಸೆಪ್ಟೆಂಬರ್

ಉಪ್ಪು ಹೆಚ್ಚು. ರೊಟ್ಟಿ ದಪ್ಪ. ಮಾಳಿಗೆಯ ಮೇಲೆ ಕುರ್ಚಿ ಹಾಕಿದ್ದು ಯಾರು, ಸೊಸೆ ಕುರ್ಚಿಯಲ್ಲಿ ಕೂರುವುದು ಯಾವ ಊರಿನ ಪದ್ಧತಿ. ನಾನು ನೆಲದ ಮೇಲೆ ಕುಳಿತೆ. ಬಿಸಿಲೇನೋ ನೆಲಕ್ಕೂ ಬೀಳುತ್ತದೆ.

16 ಸೆಪ್ಟೆಂಬರ್, ಮಂಗಳವಾರ

ಬೆಳಗ್ಗೆ ಮತ್ತೆ ಎರಡು ಸಲ ಪೂಜೆ. ಸಂಜೆ, ಜಂಬಿ ಎಲ್ಲಿ ಹೋದಳು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅತ್ತೆಯವರು ಅಳುತ್ತಿದ್ದರು. ಬಂದೆ ಅಕ್ಕ ಎಂದು ಹೋಗಿ ಪಕ್ಕದಲ್ಲಿ ಕುಳಿತೆ. ಕುರ್ಚಿಯ ಮೇಲೆ.

ಈ ತಿಂಗಳ ಇಂಜೆಕ್ಷನ್ ದಿನ ದಾಟಿಹೋಗಿತ್ತು. ಸೂಜಿ ಹಾಕುವ ಕಾಂಪೌಂಡರನ್ನು ಕರೆಯುವುದು ನನಗೆ ಮರೆತೇಹೋಗಿತ್ತು. ಗುಳಿಗೆ ನುಂಗುತ್ತಿದ್ದರೂ ಹೀಗೇಕೆ ಆಯಿತೋ. ನೆನಪಾದ ತಕ್ಷಣ ಕರೆಸಿ ಕೊಡಿಸಿದೆ.

20 ಅಕ್ಟೋಬರ್, ಸೋಮವಾರ

ಇಲ್ಲಿಯ ಅದಿರು ಕೊಳ್ಳುತ್ತಿದ್ದ ಚೀನಾದವರು ಇನ್ನು ಬೇಡ ಅಂದರಂತೆ. ನಮ್ಮ ಲಾರಿಗಳು ಮನೆಯ ಹಿಂದಿನ ಬಯಲಿನಲ್ಲಿ ತಾಡಪತ್ರಿ ಹೊದ್ದು ನಿಂತಿವೆ. ಸಂಡೂರು ರಸ್ತೆಯಲ್ಲಿ ಎಮ್ಮೆಗಳು ಆರಾಮಾಗಿ ಮಲಗುತ್ತವೆ. ಇವರು ದಿನವಿಡೀ ಫೋನ್ ಹಿಡಿದು ಕೂರುತ್ತಾರೆ, ಅದು ರಿಂಗಾಗುವುದಿಲ್ಲ.

ಯಲ್ಲಕ್ಕ ಕೇಳದೆಯೇ ಎಲ್ಲ ಕಿಟಕಿ ತೆರೆದಳು. ಧೂಳು ಬರಲಿಲ್ಲ. ನಡುಮನೆಯ ನೆಲದ ಮೇಲೆ ಬಿಸಿಲು ಬಿತ್ತು. ಅವ್ವ ಅದರಲ್ಲಿ ಕಾಲು ಚಾಚಿಕೊಂಡು ಕುಳಿತು, ಕಡಲೆ ಬಿಡಿಸಿಕೊಡು ಎಂದರು. ಡಿ ಕೊಡಿಸಲು ನಾವು ಎಷ್ಟು ಒದ್ದಾಡಿದೆವು, ಕೊನೆಗೆ ಚೀನಾದವರು ಕೊಡಿಸಿದರು. ಇದನ್ನು ಇವರ ಎದುರಿಗೆ ಹೇಳಲಿಲ್ಲ.

15 ನವೆಂಬರ್, ಶನಿವಾರ

ಕೊನೆಯ ರಿಪೋರ್ಟು ತೆಗೆದುಕೊಂಡು ಮೂವರೂ ಡಾಕ್ಟರ ಹತ್ತಿರ ಹೋಗಿದ್ದೆವು. ಬಿ-12 ಉತ್ತಮ, ಡಿ ಉತ್ತಮ. ನನ್ನದೂ ಏರಿದೆ. ಗುಳಿಗೆ ಸರಿಯಾಗಿ ತೆಗೆದುಕೊಂಡಿದ್ದೀರಿ ಎಂದರು ಡಾಕ್ಟರ್. ಹಾಲಿನ ವಿಷಯ ನಾನು ಎತ್ತಲಿಲ್ಲ. ಜೋಮಿನ ಬಗ್ಗೆ ಕೇಳಿದರು. ಯಾವ ಜೋಮು ಎಂದು ಕೇಳಿದೆ, ಆಮೇಲೆ ನೆನಪಾಯಿತು.

ಇವರಿಗೆ ರಿಪೋರ್ಟು ಓದಿ ಗೆಲುವಾಯಿತು. ಲಾರಿ ನಿಂತ ಮೇಲೆ ಇವರು ನಕ್ಕದ್ದು ಇವತ್ತೇ. ಡಾಕ್ಟರ ಎದುರಿಗೇ ಅವ್ವನ ಕಡೆ ಬಾಗಿ, ನಾನು ಯಾರು ಹೇಳು ಎಂದರು. ಅವ್ವ ಭಾಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಜಂಬಿ, ಈ ಡ್ರೈವರಗ ಪಗಾರ ಕೊಟ್ಟು ಕಳಸು. ಬೆಳಗಿಂದ ಕುಂತಾನ, ಪಾಪ" ಎಂದರು.

ಇವರು ರಿಪೋರ್ಟನ್ನು ಡಾಕ್ಟರ ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ತೋರಿಸಿದರು. "ಗ್ರೇಡ್ ಬಂದೈತಲ್ರಿ ಸರ್. ಮತ್ತ್ಯಾಕ?"

ಡಾಕ್ಟರ್ ತಮಗೆ ಗೊತ್ತಿಲ್ಲ ಎಂದರು. ಬಿ-12 ಕಡಿಮೆಯಾಗಿದ್ದರಿಂದ ಮರೆವು ಬಂತೋ, ಮರೆವಿನ ರೋಗವೇ ಬೇರೆ ಇದ್ದು ಇದು ಅದರ ಜೊತೆಗೆ ಕಡಿಮೆಯಾಗಿತ್ತೋ, ದೊಡ್ಡ ದೊಡ್ಡವರೂ ಇನ್ನೂ ಹುಡುಕುತ್ತಿದ್ದಾರಂತೆ. ತುಂಬಬೇಕಾದ್ದನ್ನು ತುಂಬಿದ್ದೇವೆ, ಇನ್ನು ಮುಂದಿನದು ಸೇವೆ ಎಂದರು. ನಡುವೆ ಆ ಕೆಲವು ದಿನ ಚೆನ್ನಾಗಿದ್ದರಲ್ಲ ಎಂದು ಇವರು ಕೇಳಿದರು. ಕೆಲವು ದಿನ ಹಾಗೆ ಇರುತ್ತದೆ ಎಂದರು ಡಾಕ್ಟರ್.

ಕಾರಿನಲ್ಲಿ ಇವರು ಅತ್ತರು. ಡ್ರೈವರ್ ಅಳುತ್ತಿದ್ದಾನೆಂದು ಅವ್ವ ಹಿಂದಿನ ಸೀಟಿನಿಂದಲೇ ಅವರ ಹೆಗಲು ತಟ್ಟಿದರು.

ಹಾಗಾದರೆ ನನ್ನನ್ನು ಗುರುತಿಸುವ ಆ ಅತ್ತೆಯವರು ಇನ್ನು ಬರುವುದಿಲ್ಲ. ನನ್ನ ಹೆಸರು ಹಿಡಿದು ಆಡಬೇಕಾಗಿದ್ದ ಆ ಮಾತೂ ಬರುವುದಿಲ್ಲ. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಗಂಡಸರು ಇನ್ನೂ ಉಂಡಿಲ್ಲ ಅನ್ನುವ ಮಾತು. ಅಳು ನನಗೂ ಬಂತು, ಆದರೆ ಇವರನ್ನು ಸಮಾಧಾನ ಮಾಡಿ, ಅವ್ವನಿಗೆ ಅನ್ನ ಕಲಸಿ ಉಣಿಸಿ, ಹಾಸಿಗೆ ಹಾಸುವಷ್ಟರಲ್ಲಿ ಅದು ಎಲ್ಲಿಗೋ ಹೋಯಿತು.

2 ಡಿಸೆಂಬರ್

ಅವ್ವನ ಕೂದಲಿಗೆ ಎಣ್ಣೆ ಹಚ್ಚಿದೆ. ಬುಕ್ಕಸಾಗರದ ಹೊಳೆದಂಡೆಯಲ್ಲಿ ಅಕ್ಕತಂಗಿ ಇಬ್ಬರೂ ಭತ್ತದ ಗದ್ದೆಗೆ ಬುತ್ತಿ ಒಯ್ಯುತ್ತಿದ್ದದ್ದನ್ನು ಹೇಳಿದರು. ನನಗೂ ಅದು ಸ್ವಲ್ಪ ನೆನಪಿರುವಂತೆ ಅನಿಸಿತು. ಮರೆವಿನ ಪಟ್ಟಿ ಬರೆಯುವುದು ಬಿಟ್ಟು ಎಷ್ಟು ದಿನವಾಯಿತೋ, ಇವತ್ತು ಹಾಳೆ ತಿರುವಿದಾಗಲೇ ಗೊತ್ತಾಯಿತು.

19 ಡಿಸೆಂಬರ್, ಶುಕ್ರವಾರ

ಮಧ್ಯಾಹ್ನ ಇವರು ಉಂಡು ಲಾರಿ ಮಾರುವ ಮಾತಿಗೆ ಹೊರಗೆ ಹೋದರು. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಹಾಲಿನ ಪಾತ್ರೆ ತರಿಸಿಕೊಂಡರು. ಕೆನೆಯನ್ನೆಲ್ಲ ಒಂದು ಕಡೆ ಸರಿಸಿ ಲೋಟಕ್ಕೆ ಹಾಕಿದರು. ಸಕ್ಕರೆ ಉದುರಿಸಿದರು. ನಾನು ರೂಢಿಯಂತೆ ಕೈ ಚಾಚಿದೆ. ಕೈಯ ಮೇಲೆ ಪಟ್ಟನೆ ಹೊಡೆದರು.

"ನೀ ಮುಟ್ಟಬ್ಯಾಡ ಜಂಬಿ. ಇದು ನನ್ನ ಸೊಸಿ ಪಾಲು."

ಕೈ ಹಿಂದಕ್ಕೆ ತೆಗೆದುಕೊಂಡೆ. ನಿನ್ನ ಸೊಸೆ ಕೆಟ್ಟವಳಲ್ಲವೇ ಅಕ್ಕ, ಅವಳಿಗೇಕೆ ಎಂದು ಕೇಳಿದೆ.

"ಬಾಯಿ ಜೋರು ಅಕಿದು. ಆದ್ರ ಅಕಿ ಹಾಲು ಕುಡಿಯೂದು ನಾ ಒಂದಿನಾನೂ ಕಂಡಿಲ್ಲ. ಎಲ್ಲಾರದೂ ಆದ ಮ್ಯಾಲ ಉಳದಿದ್ದು ಉಣ್ಣತಾಳ. ನನಗ ಗೊತ್ತೈತಿ. ಹೇಳಿಲ್ಲ ಅಷ್ಟ." ಲೋಟದ ಮೇಲೆ ತಟ್ಟೆ ಮುಚ್ಚಿ ಅಕ್ಕಿಯ ಡಬ್ಬಿಯ ಹಿಂದಕ್ಕೆ ಸರಿಸಿದರು. ಆಮೇಲೆ ದನಿ ತಗ್ಗಿಸಿದರು. "ನೀನೂ ಹೇಳಬ್ಯಾಡ. ಹೇಳಿದ್ರ ತಲಿ ಮ್ಯಾಲ ಕುಂದರತಾಳ."

ಹೇಳುವುದಿಲ್ಲ ಎಂದು ಭಾಷೆ ಕೊಟ್ಟೆ.

ಅವ್ವ ಬಿಸಿಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಯಲ್ಲಕ್ಕ ಉಂಡು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಮನೆಯಲ್ಲಿ ಎಲ್ಲರದೂ ಆದ ಮೇಲೆ, ಡಬ್ಬಿಯ ಹಿಂದಿನಿಂದ ಲೋಟ ತೆಗೆದು, ಅಡುಗೆಮನೆಯಲ್ಲಿ ನಿಂತುಕೊಂಡೇ ಕುಡಿದೆ.

ಸಂಜೆ ಅವ್ವ ಎದ್ದವರೇ ಡಬ್ಬಿಯ ಹಿಂದೆ ಇಣುಕಿ ಖಾಲಿ ಲೋಟ ನೋಡಿದರು.

"ಕುಡದಳೇನು?" ಎಂದರು.

"ಕುಡದಳು ಅಕ್ಕ" ಎಂದೆ.